ರೊವೀನಾ ಕಾಲು ಸಡಿಲಿಸಿದ ಓಟ

ಕೋಲ್ಬಿ ಊರಿನ ಶಾಲೆಗೆ ಬಸ್ಸು ಓಡಿಸುತ್ತಿದ್ದ ರೊವೀನಾ ಡೀಟ್ಸ್‌ಳನ್ನು ನೋಡಿದರೆ, ಒಂದು ಕಾಲಕ್ಕೆ ಜಿಲ್ಲೆಯ ಗಂಡಸರೆಲ್ಲ ಕಾರಿನ ಓಟದಲ್ಲಿ ಇವಳ ಪಕ್ಕದ ಸಾಲಿನಲ್ಲಿ ಕಾರು ನಿಲ್ಲಿಸಲು ಹಿಂಜರಿಯುತ್ತಿದ್ದರು ಎಂದು ಯಾರೂ ನಂಬುತ್ತಿರಲಿಲ್ಲ. ಸಣಕಲು ಮೈ, ಮೂಗಿನ ತುದಿಗೆ ಜಾರುವ ಕನ್ನಡಕ, ಚಳಿಗಾಲದಲ್ಲಿ ತಾನೇ ಹೆಣೆದುಕೊಂಡ ಟೊಪ್ಪಿಗೆ. ಹಿಮ ಬಿದ್ದ ಹೊಲದ ರಸ್ತೆಯಲ್ಲೂ ಅವಳ ಬಸ್ಸು ನೀರಿನ ಮೇಲೆ ತೇಲಿದ ಹಾಗೆ ಬರುತ್ತಿತ್ತು. ಹಿಂದಿನ ಸೀಟಿನ ಮಗುವಿಗೆ ಕೂಡ ನಿದ್ದೆ ಕೆಡುತ್ತಿರಲಿಲ್ಲ. ನಾನು ಅದೇ ಶಾಲೆಯ ಅಡುಗೆಮನೆಯಲ್ಲಿದ್ದೆ. ಬೆಳಗಿನ ಸುತ್ತು ಮುಗಿಸಿ ಅವಳು ಹಿಂಬಾಗಿಲಿನಿಂದ ಬರುತ್ತಿದ್ದಳು, ನಾನು ಕಾಫಿ ಬಗ್ಗಿಸುತ್ತಿದ್ದೆ. ಆದರೆ ನಾನು ಅವಳನ್ನು ಬಲ್ಲದ್ದು ಅದಕ್ಕೂ ಬಹಳ ಮೊದಲಿನಿಂದ, ಅವಳಿನ್ನೂ ಮುಖ್ಯ ಬೀದಿಯ ಪಾರ್ಲರಿನಲ್ಲಿ ಊರ ಹೆಂಗಸರ ಕೂದಲು ಸುರುಳಿ ಮಾಡುತ್ತಿದ್ದ ಕಾಲದಿಂದ.

ಆಗ ಊರಾಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೆಯ ಹಾದಿಯಲ್ಲಿ ಭಾನುವಾರದ ಓಟಗಳು ನಡೆಯುತ್ತಿದ್ದವು. ಯುದ್ಧದ ಕಾಲದಲ್ಲಿ ಸೈನ್ಯದವರು ಹಾಕಿಸಿದ್ದ ಕಾಂಕ್ರೀಟು, ಎರಡೂ ಕಡೆ ಜೋಳದ ಹೊಲ. ಚರ್ಚು ಬಿಟ್ಟ ಮೇಲೆ ಅರ್ಧ ಊರು ಅಲ್ಲಿನ ಮರದ ಮೆಟ್ಟಿಲುಗಳ ಮೇಲೆ ಬಂದು ಕೂರುತ್ತಿತ್ತು. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ನಡುವಿನ ಕಂಬದ ಮೇಲೆ ಹಳದಿ ದೀಪಗಳು ಒಂದರ ಕೆಳಗೊಂದು ಹತ್ತಿಕೊಂಡು ಇಳಿದು, ಕೊನೆಗೆ ಹಸಿರು ಬರುತ್ತದೆ. ಅಲ್ಲಿಂದ ಕಾಲು ಮೈಲಿ ನೇರ ಓಟ. ಮುಂದೆ ಹೋದವರು ಗೆದ್ದರು, ಹಸಿರಿಗೆ ಮೊದಲೇ ಹಾರಿದವರಿಗೆ ಕೆಂಪು ದೀಪ ಹತ್ತಿ ಅವರು ಅಲ್ಲೇ ಸೋತರು. ಒಂದು ಕೆಮ್ಮು ಮುಗಿಯುವುದರೊಳಗೆ ಮುಗಿದುಹೋಗುವ ಆಟ. ಅದರ ಮೇಲಿನ ವಾದ ಮಾತ್ರ ಮುಂದಿನ ಭಾನುವಾರದವರೆಗೂ ನಡೆಯುತ್ತಿತ್ತು.

ರೊವೀನಾ ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಫೋರ್ಡ್ ಕಂಪನಿಯ ಕಡು ಹಸಿರು ಬಣ್ಣದ ಮಸ್ಟಾಂಗ್ ಕಾರು ಕೊಂಡಳು. ಅವಳ ತಾಯಿ ಅಂಗಳದಲ್ಲಿ ಅದನ್ನು ಒಂದು ಸುತ್ತು ಹಾಕಿ ನೋಡಿ, "ಇದನ್ನ ನೋಡಿ ಗಂಡು ಬರಲ್ಲ ಕಣೇ, ಬಂದ ಗಂಡೂ ಓಡಿಹೋಗ್ತಾನೆ" ಎಂದಳಂತೆ.

ತಾಯಿಯ ಮಾತು ಸುಳ್ಳಾಯಿತು. ಹಾರ್ಲನ್ ಡೀಟ್ಸ್ ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಅಗಲ ಭುಜ, ದೊಡ್ಡ ನಗು, ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುವ ಕಪ್ಪು ಮರಳು. ಅದೇ ವರ್ಷ ಅವನು ಷೆವ್ರೊಲೆ ಕಂಪನಿಯ ಕಿತ್ತಳೆ ಬಣ್ಣದ ಕಮಾರೊ ತಂದಿದ್ದ. ಒಂದು ಭಾನುವಾರ ಇಬ್ಬರೂ ಅಕ್ಕಪಕ್ಕ ನಿಂತರು, ಅವನು ಸೋತ. ಓಟ ಮುಗಿದ ಮೇಲೆ ಅವಳ ಕಾರಿನ ಬಳಿ ಬಂದು ಕಿಟಕಿಗೆ ಮೊಣಕೈ ಊರಿದ. ನಾನು ಪಕ್ಕದ ಸೀಟಿಗೆ ಆಗಷ್ಟೇ ಹತ್ತಿದ್ದೆ.

"ಇದಕ್ಕೇನ್ ಹಾಕಿದ್ದೀಯಾ?" ಎಂದ.

"ಪೆಟ್ರೋಲು."

"ತಮಾಷೆ ಬೇಡ. ಕಂಪನಿಯವರು ಬರೆದಿರೋದನ್ನ ನೋಡು, ನನ್ನದ್ರಲ್ಲಿ ನಿನ್ನದಕ್ಕಿಂತ ಹದಿನೈದು ಕುದುರೆಯ ಬಲ ಜಾಸ್ತಿ ಇದೆ."

"ಹಾಗಾದ್ರೆ ಆ ಹದಿನೈದಕ್ಕೆ ಇವತ್ತು ಹುಲ್ಲು ಹಾಕೋದು ಮರೆತಿದ್ದೀಯಾ" ಎಂದಳು ರೊವೀನಾ.

ಅವನು ನಕ್ಕ. ಸೋತವನ ನಗು ಅಷ್ಟು ಚೆಂದ ಇರುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮರುವರ್ಷ ಅವರ ಮದುವೆಯಾಯಿತು. ಹಾರ್ಲನ್‌ನ ಜೊತೆಯವನು, ಎರಕದ ಮನೆಯ ವರ್ಜಿಲ್, ಮದುವೆ ಊಟದಲ್ಲಿ ಎದ್ದು ನಿಂತು, "ಹುಟ್ಟೋ ಮಗು ಫೋರ್ಡ್ ಆಗುತ್ತೋ ಷೆವ್ರೊಲೆ ಆಗುತ್ತೋ, ಅದಷ್ಟು ಈಗ್ಲೇ ಹೇಳ್ಬಿಡಿ" ಎಂದು ಲೋಟ ಎತ್ತಿದ.

ಅವರ ಮನೆ ಹಿಂದಿನ ಶೆಡ್ಡಿನಲ್ಲಿ ಎರಡೂ ಕಾರುಗಳು ಮೂತಿಗೆ ಮೂತಿ ಜೋಡಿಸಿಕೊಂಡು ನಿಂತಿರುತ್ತಿದ್ದವು. ಅವೆರಡರಲ್ಲಿ ಯಾವುದು ಮೇಲು ಎನ್ನುವುದು ಊರಿನ ಹೋಟೆಲಿನಲ್ಲಿ ದಿನದ ಮಾತು. ಮಸ್ಟಾಂಗ್‌ಗೆ ಮೂಗಿನ ಕಡೆ ಭಾರ ಹೆಚ್ಚು, ಆದರೆ ನಿಂತಲ್ಲಿಂದ ಏಳುವಾಗ ಹೋರಿ ನುಗ್ಗಿದ ಹಾಗೆ ನುಗ್ಗುತ್ತಿತ್ತು. ಕಮಾರೊ ಶುರುವಿನಲ್ಲಿ ತಡವರಿಸಿದರೂ ಮೂರನೇ ಗೇರಿಗೆ ಬಿದ್ದ ಮೇಲೆ ಅದಕ್ಕೆ ಉಸಿರು ಬರುತ್ತಿತ್ತು. ಮೊದಲರ್ಧ ಹಾದಿ ಮಸ್ಟಾಂಗ್‌ನದು, ಉಳಿದರ್ಧ ಕಮಾರೊದ್ದು, ಕೊನೆಯ ಗೆರೆಯ ಹತ್ತಿರ ಎರಡಕ್ಕೂ ಒಂದು ಬಾಗಿಲಿನಷ್ಟೂ ಅಂತರ ಉಳಿಯುತ್ತಿರಲಿಲ್ಲ. ಹೀಗೆ ಸಮಬಲದ ಎರಡು ಗಾಡಿಗಳಿದ್ದಾಗ ಗೆಲುವು ನಿಲ್ಲುವುದು ದೀಪದ ಹತ್ತಿರ, ಯಾರು ಎಷ್ಟು ಚೊಕ್ಕವಾಗಿ ಹೊರಟರು ಎನ್ನುವುದರ ಮೇಲೆ. ಹಾರ್ಲನ್‌ಗೆ ಆ ತಾಳ್ಮೆ ಇರಲಿಲ್ಲ. ಒಂದೋ ಹೆಚ್ಚು ತುಳಿದು ಟೈರು ಸುತ್ತಿಸಿ ಹೊಗೆ ಎಬ್ಬಿಸುತ್ತಿದ್ದ, ಇಲ್ಲವೋ ಕೆಂಪು ದೀಪ ತರಿಸಿಕೊಳ್ಳುತ್ತಿದ್ದ. ರೊವೀನಾ ಬಟ್ಟೆಗೆ ಸೂಜಿ ಚುಚ್ಚಿದ ಹಾಗೆ ಹೊರಡುತ್ತಿದ್ದಳು.

"ಹಸಿರಿಗೆ ಕಾಯಬಾರ್ದು ಮಾವಿಸ್" ಎಂದು ನನಗೊಮ್ಮೆ ಹೇಳಿದ್ದಳು. "ಕೊನೇ ಹಳದಿ ಕಂಡ ತಕ್ಷಣ ಕಾಲು ತಾನಾಗೇ ಹೋಗ್ಬೇಕು. ಯೋಚ್ನೆ ಮಾಡಿದ್ಯೋ, ತಡ ಆಯ್ತು ಅಂತಾನೇ."

ಮದುವೆಯಾದ ಮೂರನೆಯ ಬೇಸಿಗೆಯಲ್ಲಿ ಹೋಟೆಲಿನ ವಾದ ತಾರಕಕ್ಕೇರಿತು. ಬೆಂಕಿಗೆ ಗಾಳಿ ಹಾಕಿದವನು ವರ್ಜಿಲ್‌ನೇ. "ಕಮಾರೊದಲ್ಲಿ ಏನೂ ತಪ್ಪಿಲ್ಲಪ್ಪ, ಓಡ್ಸೋನಲ್ಲೇ ಏನೋ ಇದೆ" ಎಂದ. ಹಾರ್ಲನ್ ಮೇಜಿನ ಮೇಲೆ ಕಾಫಿ ಲೋಟ ಕುಕ್ಕಿದ.

"ಸರಿ, ಕಾರು ಬದಲಾಯಿಸ್ಕೊಳ್ಳೋಣ. ನಾನು ಅವಳದ್ರಲ್ಲಿ, ಅವಳು ನನ್ನದ್ರಲ್ಲಿ. ಆಗ ಗೊತ್ತಾಗುತ್ತೆ ಮಸ್ಟಾಂಗ್ ಎಷ್ಟು ಜೋರಿದೆ ಅಂತ."

ಅವನು ಹಾಕಿದ್ದ ಲೆಕ್ಕಾಚಾರ ನನಗೆ ಅರ್ಥವಾಗಿತ್ತು. ಮಸ್ಟಾಂಗ್‌ನಲ್ಲಿ ತಾನು ಗೆದ್ದರೆ ಇಷ್ಟು ದಿನದ ಸೋಲೆಲ್ಲ ಕಾರಿನ ತಲೆಗೆ ಹೋಗುತ್ತದೆ. ಸೋತರೂ ತನ್ನ ಕಮಾರೊದ ಮಾನ ಉಳಿಯುತ್ತದೆ. ಆ ಭಾನುವಾರ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ರೊವೀನಾ ಕಮಾರೊದ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕ್ಲಚ್ಚನ್ನು ಎರಡು ಸಲ ತುಳಿದು ನೋಡಿದಳು. ಮೊದಲ ಓಟ ಗೆದ್ದಳು. ಹಾರ್ಲನ್ "ಇನ್ನೊಂದ್ಸಲ" ಎಂದ, ಎರಡನೆಯದನ್ನೂ ಗೆದ್ದಳು. ಮೂರನೆಯದರಲ್ಲಿ ಅವನಿಗೆ ಕೆಂಪು ದೀಪ ಹತ್ತಿತು. ಕಾರಿನ ಮಾನವೇನೋ ಉಳಿಯಿತು. ಆದರೆ ಅದರೊಂದಿಗೆ ಉಳಿದ ಇನ್ನೊಂದು ಮಾತನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸೋಮವಾರ ಕಾರ್ಖಾನೆಯಲ್ಲಿ ಅವನ ಬಟ್ಟೆಯ ಕಪಾಟಿಗೆ ಯಾರೋ ಹೂವಿನ ಚಿತ್ರದ ಅಡುಗೆ ಏಪ್ರನ್ ತೂಗುಹಾಕಿದ್ದರು. ಅವನು ಅದನ್ನು ಮೈಮೇಲೆ ಕಟ್ಟಿಕೊಂಡೇ ಕೆಲಸ ಮಾಡಿ ಎಲ್ಲರನ್ನೂ ನಗಿಸಿದನಂತೆ. ಆದರೆ ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಎರಕದ ಮನೆಯಲ್ಲಿ ಅವನ ಹೆಸರೇ ಹೋಯಿತು. "ರೊವೀನಾನ ಗಂಡ, ಆ ಅಚ್ಚು ಇತ್ತ ತಾ." "ರೊವೀನಾನ ಗಂಡನ್ನ ಕೇಳಿ, ಮನೇಲಿ ಒಪ್ಪಿಗೆ ಇದ್ಯಾ ಅಂತ." ಒಂದು ವಾರ ನಕ್ಕ, ಎರಡು ವಾರ ನಕ್ಕ, ಆಮೇಲೆ ನಗು ನಿಂತಿತು. ಮನೆಯಲ್ಲಿ ಊಟದ ತಟ್ಟೆ ಎತ್ತಿಕೊಂಡು ಶೆಡ್ಡಿಗೆ ಹೋಗಿ ಒಬ್ಬನೇ ತಿನ್ನತೊಡಗಿದ. ಕೆಲಸ ಹೆಚ್ಚಿದೆ, ಓವರ್‌ಟೈಮ್ ಇದೆ ಎಂದು ಸಂಜೆ ತಡವಾಗಿ ಬರತೊಡಗಿದ.

"ನಾನೇನ್ ಮಾಡ್ಲಿ?" ಎಂದು ರೊವೀನಾ ಪಾರ್ಲರಿನಲ್ಲಿ ನನ್ನ ಕೂದಲಿಗೆ ಪಿನ್ನು ಸಿಕ್ಕಿಸುತ್ತ ಕೇಳಿದಳು. "ಗೆಲ್ಲೋದು ನಿಲ್ಸಿದ್ರೆ ಸರಿಹೋಗ್ತಾನಾ?"

"ಓಡೋದನ್ನೇ ನಿಲ್ಸು" ಎಂದೆ.

"ಓಡೋದು ನಿಲ್ಸಿದ್ರೆ ಕೊನೇವರೆಗೂ ನಾನೇ ಗೆದ್ದ ಹಾಗಾಯ್ತಲ್ಲ."

ಸೆಪ್ಟೆಂಬರಿನ ಕೊನೆಯ ಭಾನುವಾರ ಜಿಲ್ಲೆಯ ಬಹುಮಾನದ ಕಪ್ಪಿನ ಓಟ. ಒಬ್ಬೊಬ್ಬರೇ ಸೋತು ಹೊರಗಾಗಿ ಕೊನೆಯ ಸುತ್ತಿಗೆ ಉಳಿದದ್ದು ಹಸಿರು ಮಸ್ಟಾಂಗ್ ಮತ್ತು ಕಿತ್ತಳೆ ಕಮಾರೊ, ಅವರವರ ಕಾರಿನಲ್ಲಿ ಅವರವರು. ವರ್ಜಿಲ್ ಮತ್ತು ಅವನ ಜೊತೆಯವರು ಏಪ್ರನ್ನನ್ನು ಬಾವುಟದ ಹಾಗೆ ಕೋಲಿಗೆ ಕಟ್ಟಿ ಹಿಡಿದಿದ್ದರು. ನಾನು ಮೆಟ್ಟಿಲಿನ ನಡುವಿನಲ್ಲಿ ಕೂತಿದ್ದೆ. ದೀಪಗಳು ಇಳಿದವು, ಎರಡೂ ಕಾರು ಒಟ್ಟಿಗೆ ಎದ್ದವು, ನನ್ನ ಮುಂದಿನ ಸಾಲಿನವರು ಎದ್ದು ನಿಂತರು. ಮತ್ತೆ ನನಗೆ ಹಾದಿ ಕಂಡಾಗ ಅರ್ಧ ದಾರಿ ದಾಟಿದ ಕಮಾರೊ ಒಂಟಿಯಾಗಿ ಮುಂದೆ ಹೋಗುತ್ತಿತ್ತು, ಮಸ್ಟಾಂಗ್ ಹಿಂದೆ ಉಳಿದಿತ್ತು.

ಜನ ಕೂಗಿದ ಕೂಗು ಊರಿಗೆ ಕೇಳಿಸಿರಬೇಕು. ಹಾರ್ಲನ್ ಕಪ್ಪು ತೆಗೆದುಕೊಳ್ಳಲು ಇಳಿದು ಬಂದ. ನಾನು ಆ ದೊಡ್ಡ ನಗುವಿಗೆ ಕಾದೆ, ಅದು ಬರಲಿಲ್ಲ. ರೊವೀನಾ ಓಡಿ ಬಂದು ಅವನನ್ನು ತಬ್ಬಿಕೊಂಡಳು. ಬೇರೆ ಯಾರದೋ ಮನೆಯ ಹಸುವನ್ನು ತಟ್ಟಿದ ಹಾಗೆ ಅವನು ಅವಳ ಬೆನ್ನನ್ನು ಎರಡು ಸಲ ತಟ್ಟಿದ.

ಮುಂದಿನ ಶನಿವಾರ ಕಮಾರೊ ಶೆಡ್ಡಿನಲ್ಲಿರಲಿಲ್ಲ. ಇಂಡಿಯಾನಾದ ಯಾರಿಗೋ ಮಾರಿದ್ದ, ಹೆಂಡತಿಗೆ ಹೇಳಿದ್ದು ಮಾರಿ ಬಂದ ಮೇಲೆ. "ಗೆದ್ದಾಯ್ತಲ್ಲ, ಇನ್ನೇನಿದೆ?" ಎಂದನಂತೆ. ಅವಳೂ ಮತ್ತೆ ಆ ಹಾದಿಗೆ ಹೋಗಲಿಲ್ಲ. ಮಸ್ಟಾಂಗ್‌ಗೆ ಹೊದಿಕೆ ಬಿತ್ತು. ಮರುವರ್ಷ ಮಗಳು ಡೀನಾ ಹುಟ್ಟಿದಳು, ಅವಳು ಶಾಲೆಗೆ ಹೋಗುವಷ್ಟಾದಾಗ ರೊವೀನಾ ಪಾರ್ಲರು ಬಿಟ್ಟು ಬಸ್ಸಿನ ಕೆಲಸಕ್ಕೆ ಸೇರಿದಳು.

ಅವರದು ಕೆಟ್ಟ ಸಂಸಾರ ಎಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಹಾರ್ಲನ್ ಕುಡಿದು ಬಂದವನಲ್ಲ, ಕೈ ಎತ್ತಿದವನಲ್ಲ. ಎರಕದ ಕಾರ್ಖಾನೆ ಮುಚ್ಚಿದಾಗ ಮಾರನೆಯ ದಿನವೇ ಧಾನ್ಯದ ಗೋದಾಮಿಗೆ ಹೋಗಿ ಕೆಲಸ ಹಿಡಿದ. ಹಿಮ ಬಿದ್ದ ಬೆಳಿಗ್ಗೆ ಅವಳಿಗಿಂತ ಮೊದಲೆದ್ದು ಬಸ್ಸಿನ ಗಾಜು ಕೆರೆದಿಡುತ್ತಿದ್ದ. ಆದರೆ ಅವರ ನಡುವೆ ಜಗಳವೇ ಇರಲಿಲ್ಲ. ಅವಳು ಹೇಳಿದ್ದಕ್ಕೆಲ್ಲ ಅವನು ಹೂಂ ಎನ್ನುತ್ತಿದ್ದ. ಗೋಡೆಗೆ ಯಾವ ಬಣ್ಣ ಎಂದರೆ ನಿನಗೆ ಬೇಕಾದ್ದು ಎನ್ನುತ್ತಿದ್ದ. ಶುಕ್ರವಾರ ನಾವು ನಾಲ್ವರು, ಅಂದರೆ ಅವರಿಬ್ಬರು ಮತ್ತು ನಾನು, ನನ್ನ ಗಂಡ, ಇಸ್ಪೀಟು ಆಡುತ್ತಿದ್ದೆವು. ಹಾರ್ಲನ್ ಯಾವಾಗಲೂ ರೊವೀನಾಳ ಜೋಡಿಯಾಗಿಯೇ ಆಡಬೇಕು. ಒಮ್ಮೆ ನನ್ನ ಗಂಡ, "ಇವತ್ತು ಹೆಂಡ್ತೀರು ಒಂದು ಕಡೆ, ನಾವು ಒಂದು ಕಡೆ" ಎಂದಾಗ ಹಾರ್ಲನ್ ತಲೆನೋವು ಎಂದು ಎದ್ದು ಹೋದ. ಅಷ್ಟು ವರ್ಷಗಳಲ್ಲಿ ಅವಳ ವಿರುದ್ಧ ಅವನು ಒಂದು ಎಲೆ ಕೂಡ ಹಾಕಲಿಲ್ಲ.

"ನನ್ನ ಗಂಡ ನನ್ನ ಜೊತೆ ಸೌಜನ್ಯದಿಂದ ಇದಾನೆ ಮಾವಿಸ್" ಎಂದು ಅವಳು ಒಂದು ಬೆಳಿಗ್ಗೆ ಕಾಫಿ ಲೋಟದೊಳಗೆ ನೋಡುತ್ತ ಹೇಳಿದಳು. "ಬಾಡಿಗೆಗೆ ಬಂದೋರು ಇರ್ತಾರಲ್ಲ, ಹಾಗೆ."

ಮೂವತ್ತು ಚಿಲ್ಲರೆ ವರ್ಷ ಹೀಗೆ ಹೋಯಿತು. ಓಟದ ಹಾದಿಯ ಕಾಂಕ್ರೀಟು ಬಿರುಕುಬಿಟ್ಟು, ಅದರ ಅಂಚಿನವರೆಗೂ ಸೋಯಾ ಬೆಳೆ ಬಂದಿತ್ತು. ಹಾರ್ಲನ್‌ನ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾಗಿ ಅವನು ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ. ಅಕ್ಟೋಬರಿನ ಒಂದು ಮಧ್ಯಾಹ್ನ ರೊವೀನಾ ಒಲೆಯ ಮೇಲೆ ಸೇಬಿನ ಹಣ್ಣು ಬೇಯಿಸುತ್ತಿದ್ದಳು, ಅವನು ಮೇಜಿನ ಬಳಿ ಕೂತು ಸಿಪ್ಪೆ ತೆಗೆದುಕೊಡುತ್ತಿದ್ದ. ಮುಂದಿನದನ್ನು ಅವಳು ಅಂದೇ ಸಂಜೆ ನನ್ನ ಮನೆಗೆ ಬಂದು, ಕೋಟು ಕೂಡ ಬಿಚ್ಚದೆ, ಒಂದು ಮಾತೂ ಬಿಡದೆ ಹೇಳಿದಳು.

ಅವನು ಚಾಕು ಕೆಳಗಿಟ್ಟು, "ಅವತ್ತು ನೀನು ಪೆಡಲ್ ಮೇಲಿನ ಕಾಲು ಸಡಿಲ ಬಿಟ್ಟೆ" ಎಂದ.

ಯಾವತ್ತು ಎಂದು ಅವಳು ಕೇಳಲಿಲ್ಲ. "ಬಿಟ್ಟೆ" ಎಂದಳು. "ನಿನಗೆ ಹೇಗೆ ಗೊತ್ತಾಯ್ತು?"

"ಕೇಳಿಸ್ತು. ನಿನ್ನ ಇಂಜಿನ್ ಸದ್ದು ನನಗೆ ನಿದ್ದೇಲೂ ಗೊತ್ತು. ನೀನು ಮೂರನೇ ಗೇರಿಗೆ ಹಾಕ್ದೆ, ಸದ್ದು ಏರ್ಬೇಕಿತ್ತು, ಇಳೀತು."

"ನಿನಗೆ ಆ ಗೆಲುವು ಬೇಕಿತ್ತು ಹಾರ್ಲನ್. ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ ನನಗೆ."

"ಗೆಲ್ಲೋದು ಬೇಕಿತ್ತು. ನೀನು ಕೊಡೋದು ಬೇಕಿರ್ಲಿಲ್ಲ." ಅವನು ಅರ್ಧ ಸುಲಿದ ಸೇಬನ್ನು ಪಕ್ಕಕ್ಕೆ ಸರಿಸಿ ಕೇಳಿದ. "ಆ ಎರಡು ತಿಂಗಳು ಓವರ್‌ಟೈಮ್ ಅಂತ ಎಲ್ಲಿಗೆ ಹೋಗ್ತಿದ್ದೆ ಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ.

"ಹಾದಿಗೆ. ಅಲ್ಲಿನ ದೀಪದೋನ್ನ ಕಾಡಿ ಬೇಡಿ ದೀಪ ಹಾಕಿಸ್ಕೊಂಡು ಬರೀ ಹೊರಡೋದನ್ನ ಕಲೀತಿದ್ದೆ. ಕ್ಲಚ್ ಬಿಡೋದು, ನಿಲ್ಲೋದು, ಹಿಂದೆ ಬರೋದು, ಮತ್ತೆ ಬಿಡೋದು. ನೀನು ಹೇಗೆ ಬಿಡ್ತೀಯೋ ಹಾಗೆ. ಅವತ್ತು ನಾನು ನಿನಗಿಂತ ಮೊದ್ಲು ಹೊರಟಿದ್ದೆ ರೊವೀನಾ. ಜೀವನದಲ್ಲಿ ಮೊದಲ್ನೇ ಸಲ. ಕಿಟಕೀಲಿ ನಿನ್ನ ಕಾರಿನ ಮೂಗು ನನ್ನ ಬಾಗಿಲ ಹತ್ರ ಕಾಣ್ತಿತ್ತು. ಮುಂದಿನ ಅರ್ಧ ನನ್ನ ಗಾಡೀದು, ಅದು ನಿನಗೂ ಗೊತ್ತು. ಗೆಲ್ತಿದ್ದೆ ಅಂತ ಹೇಳ್ತಿಲ್ಲ. ಸೋಲ್ತಿದ್ನೇನೋ. ಆದ್ರೆ ಆ ಸೋಲು ನನ್ನದಾಗಿರ್ತಿತ್ತು."

ಸೇಬು ತಳ ಹಿಡಿದ ವಾಸನೆ ಬಂತಂತೆ. ಇಬ್ಬರೂ ಒಲೆ ಆರಿಸಲಿಲ್ಲ.

"ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?"

"ಹೇಳಿದ್ರೆ ಅದಕ್ಕೂ ನೀನು ಏನಾದ್ರೂ ಕೊಡ್ತಿದ್ದೆ" ಎಂದ ಹಾರ್ಲನ್.

ಇಷ್ಟು ಹೇಳಿ ರೊವೀನಾ ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದಳು. "ನಾನು ಅವನ ಕಡೆ ನೋಡ್ಲೇ ಇಲ್ಲ ಮಾವಿಸ್. ಮೂರನೇ ಗೇರು ಬಿದ್ದ ತಕ್ಷಣ ಕಾಲು ಎತ್ತಬೇಕು ಅಂತ ಬೆಳಿಗ್ಗೆ ಚರ್ಚಲ್ಲೇ ಅಂದ್ಕೊಂಡಿದ್ದೆ. ಅದೊಂದೇ ತಲೇಲಿತ್ತು. ಅವನು ಮುಂದಿದ್ನಾ, ಹಿಂದಿದ್ನಾ, ನನಗೆ ಗೊತ್ತೇ ಇಲ್ಲ. ನೀನು ಮೇಲೆ ಕೂತಿದ್ಯಲ್ಲ. ಯಾರು ಮುಂದಿದ್ರು ಹೇಳು."

ನಾನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಹೊಗೆ, ಏಪ್ರನ್ನಿನ ಬಾವುಟ, ಎದ್ದು ನಿಂತವರ ಬೆನ್ನುಗಳು. "ಗೊತ್ತಿಲ್ಲ ಕಣೇ" ಎಂದೆ. "ನನಗೆ ಕಾಣಿಸ್ಲಿಲ್ಲ."

ಅವಳು ಕೋಟಿನ ಗುಂಡಿಯನ್ನು ತಿರುಗಿಸುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಾಗುತ್ತಿತ್ತೋ ನಾನು ಊಹಿಸಬಲ್ಲೆ. ಅಷ್ಟು ವರ್ಷ ತಾನು ಗಂಡನಿಗಾಗಿ ಒಂದು ದೊಡ್ಡ ಗೆಲುವನ್ನು ಬಿಟ್ಟುಕೊಟ್ಟೆ ಎಂದು ನಂಬಿದ್ದಳು, ಆ ನಂಬಿಕೆಯಲ್ಲಿ ಸ್ವಲ್ಪ ನೋವು, ಸ್ವಲ್ಪ ಹೆಮ್ಮೆ ಎರಡೂ ಇದ್ದವು. ಈಗ ನೋಡಿದರೆ ಅದು ತನ್ನದಾಗಿತ್ತೋ ಇಲ್ಲವೋ ಎಂಬುದೇ ಅನುಮಾನ. ಅವನು ಬೆವರು ಸುರಿಸಿ ತಂದದ್ದನ್ನೇ ಅವಳು ಅವನಿಗೆ ದಾನ ಕೊಟ್ಟಿದ್ದಳೇನೋ.

ಅವಳು ಸುಮ್ಮನೆ ಕೂರುವವಳಲ್ಲ. ಮಗಳು ಡೀನಾಳಿಗೆ ಫೋನು ಮಾಡಿ ಅಂಥದೇ ಒಂದು ಕಮಾರೊ ಎಲ್ಲಾದರೂ ಸಿಗುತ್ತದೆಯೇ ಹುಡುಕು ಎಂದಳು. ಪಕ್ಕದ ಜಿಲ್ಲೆಯಲ್ಲಿ ಇನ್ನೂ ನಡೆಯುತ್ತಿದ್ದ ಓಟದ ಹಾದಿಯೊಂದನ್ನು ವಿಚಾರಿಸಿದಳು. ಹಾರ್ಲನ್ ಕೇಳಿ ನಕ್ಕ. "ಎದೇಲಿ ಹೊಲಿಗೆ, ಮೊಣಕಾಲಲ್ಲಿ ತುಕ್ಕು. ಕ್ಲಚ್ ತುಳಿದ್ರೆ ನಾನೇ ಎರಡು ತುಂಡಾಗ್ತೀನಿ. ಆಗಿದ್ದು ಆಯ್ತು, ಬಿಡು."

ಆದರೆ ಆ ಶುಕ್ರವಾರ ಇಸ್ಪೀಟಿಗೆ ಕೂತಾಗ ಅವನು ನನ್ನ ಗಂಡನ ಎದುರಿನ ಕುರ್ಚಿಯನ್ನು ಎಳೆದುಕೊಂಡು, "ಇವತ್ತಿಂದ ನಾನು ಇವನ ಜೋಡಿ" ಎಂದ. ನಾವು ಹೆಂಗಸರು ಒಂದು ಕಡೆಯಾದೆವು. ರೊವೀನಾ ಮೊದಲ ಆಟದಲ್ಲಿ ಎಲೆ ಎಸೆಯಲು ಅನುಮಾನಿಸಿದಳು. "ಎತ್ತಿದ ಎಲೆ ಹಾಕು" ಎಂದು ಅವನು ಮೇಜು ಬಡಿದ. ಅವಳು ಹಾಕಿದಳು, ಅವನು ಸೋತ. ಆ ಚಳಿಗಾಲವಿಡೀ ಅವನು ಸೋಲುತ್ತಿದ್ದ, ಅಪರೂಪಕ್ಕೆ ಗೆಲ್ಲುತ್ತಿದ್ದ, ಬಾಯಿಗೆ ಬಂದದ್ದು ಬೈಯುತ್ತಿದ್ದ, "ಕೂದಲು ಸುರುಳಿ ಮಾಡೋಳಿಗೆ ಎಲೆ ಹಾಕೋದು ಯಾರು ಕಲ್ಸಿದ್ದು" ಎಂದು ರೇಗಿಸುತ್ತಿದ್ದ. ಅವಳು ಕನ್ನಡಕ ಮೇಲೆ ತಳ್ಳಿಕೊಂಡು, "ಎಣಿಸ್ಕೋ, ಇದು ಎಷ್ಟನೇ ಸೋಲು" ಎನ್ನುತ್ತಿದ್ದಳು. ಅವರಿಬ್ಬರೂ ಹಾಗೆ ಕಚ್ಚಾಡುವುದನ್ನು ನೋಡಿ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಗುತ್ತಿತ್ತು. ಇದು ಇವರಿಗೆ ಮೊದಲಿನಿಂದಲೂ ಸಿಗಬಹುದಿತ್ತು.

ಮಾರ್ಚಿನಲ್ಲಿ, ಹಿಮ ಕರಗುವ ಹೊತ್ತಿಗೆ, ಅವನ ಹೃದಯ ನಿಂತಿತು.

ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಹಂದಿಮಾಂಸದ ತುಂಡು, ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ, ಬನ್ನು. ಕಾರ್ಖಾನೆಯ ಹಳಬರಲ್ಲಿ ಉಳಿದವರು ಒಂದು ಮೇಜಿಗೆ ಸೇರಿದ್ದರು. ಕೈಕೋಲು ಊರಿಕೊಂಡ ವರ್ಜಿಲ್ ರೊವೀನಾಳ ಪಕ್ಕ ಬಂದು ಕೂತ. ಕೆಟ್ಟ ಮನಸ್ಸಿನಿಂದಲ್ಲ, ದುಃಖಕ್ಕೆ ಒಂದು ನಗು ಸೇರಿಸೋಣವೆಂದು, "ರೊವೀನಾ, ಈಗಾದ್ರೂ ಹೇಳ್ಬಿಡು" ಎಂದ. "ಆ ಕಪ್ಪು ನೀನೇ ಬಿಟ್ಟುಕೊಟ್ಟಿದ್ದು ತಾನೆ? ನಾವು ಅವತ್ತೇ ಮಾತಾಡ್ಕೊಂಡಿದ್ವಿ. ಪಾಪ, ಅವನ ಮುಂದೆ ಯಾರೂ ಅನ್ಲಿಲ್ಲ."

ಎಲ್ಲರಿಗೂ ಗೊತ್ತಿತ್ತು. ಊರಿಗೆ ಊರೇ ಅವನಿಗೆ ಕರುಣೆ ತೋರಿಸುತ್ತ ಅಷ್ಟು ವರ್ಷ ಕಳೆದಿತ್ತು. ರೊವೀನಾ ಮುಳ್ಳುಚಮಚ ತಟ್ಟೆಯ ಅಂಚಿಗಿಟ್ಟಳು.

"ಇಲ್ಲ ವರ್ಜಿಲ್. ಹಾರ್ಲನ್ ನನಗಿಂತ ಮೊದ್ಲೇ ಹೊರಟಿದ್ದ. ಎರಡು ತಿಂಗಳು ಒಬ್ಬನೇ ಹೋಗಿ ಕಲಿತಿದ್ದ. ನನ್ನ ಕಾರಿನ ಮೂಗು ಅವನ ಬಾಗಿಲ ಹತ್ರ ಇತ್ತು ಅಷ್ಟೆ."

ವರ್ಜಿಲ್ ಅವಳ ಮುಖವನ್ನು ನೋಡಿದ. ಆಮೇಲೆ ಕೈಕೋಲಿನ ಹಿಡಿಯನ್ನು. "ಹಾಗಾದ್ರೆ ನಾವು ಅವನಿಗೆ ಭೇಷ್ ಅಂತ ಒಂದು ಮಾತು ಹೇಳ್ಬೇಕಿತ್ತು" ಎಂದ.

"ಹೌದು" ಎಂದಳು ರೊವೀನಾ.

ಅವಳನ್ನು ನಾನೇ ಮನೆಗೆ ಕರೆದೊಯ್ದೆ. ಯಾವಾಗಲೂ ತಾನೇ ಓಡಿಸುತ್ತೇನೆ ಎನ್ನುವವಳು ಅಂದು ತಾನಾಗಿಯೇ ಪಕ್ಕದ ಸೀಟಿನಲ್ಲಿ ಕೂತಳು. ಅವರ ಮನೆಯ ತಿರುವಿನ ಹತ್ತಿರ ಬಾಯಿ ಬಿಟ್ಟಳು.

"ನಾನಂದಿದ್ದು ಹಾರ್ಲನ್ ಕೇಳಿಸ್ಕೊಂಡಿದ್ರೆ ಬೈತಿದ್ದ."

"ಯಾಕೆ? ಒಳ್ಳೇದನ್ನೇ ಅಂದೆಯಲ್ಲ."

"ನಾನು ನೋಡಿರ್ಲಿಲ್ಲ ಮಾವಿಸ್. ನೋಡಿದ್ದೆ ಅನ್ನೋ ಹಾಗೆ ಹೇಳ್ದೆ. ಇದನ್ನೂ ನಾನೇ ಕೊಟ್ಟ ಹಾಗಾಯ್ತು."

ನಾನು ಕಾರನ್ನು ಅವರ ಅಂಗಳಕ್ಕೆ ತಿರುಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನ ತುಂಬ ಊರವರು ಕಟ್ಟಿಕೊಟ್ಟ ಅಡುಗೆಯ ಪಾತ್ರೆಗಳಿದ್ದವು. ಇಬ್ಬರೂ ಸೇರಿ ಅವನ್ನು ಒಂದೊಂದಾಗಿ ಒಳಗೆ ಸಾಗಿಸಿದೆವು.